ಮಂಡಕ್ಕಿಯಲ್ಲಿ ನೆಟ್ಟ ಕಂಬ

ಅಡಿಕೆ ಕೊಯ್ಲು ಹತ್ತಿರವಾದಂತೆ ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಚಪ್ಪರ ಏಳುತ್ತದೆ. ಹಾರೆಯಿಂದ ಗುಂಡಿ ತೋಡಿ, ಕಂಬ ಇಳಿಸಿ, ಸುತ್ತ ಕಲ್ಲುಚೂರು ತುಂಬಿ ಜಡಿಯುತ್ತೇವೆ. ಹಾಗೆ ಜಡಿದ ಕಂಬವನ್ನು ಅಲುಗಾಡದಂತೆ ಹಿಡಿಯುವುದು ಬುಡದಡಿಯ ನೆಲಕ್ಕಿಂತ ಹೆಚ್ಚಾಗಿ ಪಕ್ಕದಿಂದ ಒತ್ತುವ ಮಣ್ಣು. ಸೇತುವೆ, ಕಟ್ಟಡಗಳ ಅಡಿಗೆ ಇಳಿಸುವ ಪೈಲ್ ಎಂಬ ಉದ್ದ ಕಂಬಗಳೂ ಬಹುಮಟ್ಟಿಗೆ ಇದೇ ಒತ್ತಡವನ್ನು ನಂಬಿರುತ್ತವೆ.

1982ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಕಡಲಿನಲ್ಲಿ ಈ ನಂಬಿಕೆ ಕೈಕೊಟ್ಟಿತು. ಸುಮಾರು 125 ಮೀಟರ್ ಆಳದ ನೀರಿನಲ್ಲಿ ನಾರ್ತ್ ರ್‍ಯಾಂಕಿನ್ ಎಂಬ ಅನಿಲ ವೇದಿಕೆಯನ್ನು ನಿಲ್ಲಿಸುತ್ತಿದ್ದರು. ಉಕ್ಕಿನ ಕೊಳವೆ ಪೈಲ್‌ಗಳನ್ನು ದೈತ್ಯ ಸುತ್ತಿಗೆಯಿಂದ ಹೊಡೆದು ಇಳಿಸಬೇಕಿತ್ತು. ಕೆಲವು ಪೈಲ್‌ಗಳು ಹೆಚ್ಚು ಪೆಟ್ಟಿಗೂ ಕಾಯದೆ, ತಮ್ಮ ಭಾರಕ್ಕೇ ಸುಮಾರು 60 ಮೀಟರ್ ಜಾರಿ ಹೋದವು. ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಆಳ!

ಅಲ್ಲಿದ್ದದ್ದು ಕೆಸರಾಗಿದ್ದರೆ ಅಚ್ಚರಿಪಡಬೇಕಿರಲಿಲ್ಲ. ಆದರೆ ಅದು ಮರಳು, ಅದೂ ನಮ್ಮ ಹೊಳೆಮರಳಿಗಿಂತ ಒರಟು. ಭೂತಗನ್ನಡಿ ಹಿಡಿದರೆ ಮರಳಿನ ಕಾಳುಗಳ ಬದಲು ಚಿಪ್ಪಿನ ಚೂರು, ಹವಳದ ತುಂಡು, ಸೂಕ್ಷ್ಮಜೀವಿಗಳ ಪುಟ್ಟ ಪುಟ್ಟ ಗೂಡು ಕಾಣುತ್ತವೆ. ಒಳಗೆ ಟೊಳ್ಳು, ಹೊರಗೆ ಮೊನೆ. ಎಲೆಗೆ ಹಚ್ಚುವ ಚಿಪ್ಪಿನ ಸುಣ್ಣ ಹುಟ್ಟುವುದೂ ಇಂಥ ಚಿಪ್ಪನ್ನು ಸುಟ್ಟೇ. ನದಿಗಳು ಹೆಚ್ಚು ಮಣ್ಣು ತಾರದ ಕಡೆ ಕಡಲ ತಳದಲ್ಲಿ ಇದೇ ಪದರ ಪದರವಾಗಿ ಕೂರುತ್ತದೆ. ಶರಾವತಿ ಹೊನ್ನಾವರಕ್ಕೆ ಒಯ್ಯುವುದು ಘಟ್ಟದ ಕಲ್ಲು ಸವೆದು ಉಳಿದ ಬೆಣಚುಕಲ್ಲಿನ ಮರಳು. ಅದರ ಜಾತಿಯೇ ಬೇರೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7, ಸುಣ್ಣದ ಖನಿಜ ಕ್ಯಾಲ್ಸೈಟಿಗೆ 3.

ಒರಟು ಮರಳು ಬಿಗಿಯಾಗಿ ಹಿಡಿಯಬೇಕಲ್ಲವೇ? ಅಡುಗೆಮನೆಯಲ್ಲೇ ನೋಡಬಹುದು. ಕತ್ತು ಕಿರಿದಾದ ಚೊಂಬಿಗೆ ಅಕ್ಕಿ ತುಂಬಿ, ಕುಕ್ಕಿ ಕುಕ್ಕಿ ಕೂರಿಸಿ, ಒಂದು ಕೋಲನ್ನು ನಾಲ್ಕಾರು ಸಲ ಚುಚ್ಚಿ ಎತ್ತಿ. ಕೋಲಿನೊಂದಿಗೆ ಚೊಂಬೇ ಮೇಲೇಳುತ್ತದೆ. ಒತ್ತೊತ್ತಾಗಿ ಕೂತ ಕಾಳುಗಳು ಸರಿಯಬೇಕಾದರೆ ಒಂದರ ಮೇಲೊಂದು ಹತ್ತಬೇಕು, ಅದಕ್ಕೆ ಜಾಗ ಬೇಕು. ಜಾಗ ಸಿಗದೆ ಅವು ಕೋಲನ್ನು ಅಮುಕುತ್ತವೆ. ಈಗ ಅಕ್ಕಿ ಸುರಿದು ಮಂಡಕ್ಕಿ ತುಂಬಿ. ಕೋಲು ಚುಚ್ಚಿದಾಗ ಚರಚರ ಸದ್ದು, ಅಷ್ಟೆ. ಕಾಳು ಹತ್ತುವ ಬದಲು ಪುಡಿಯಾಗುತ್ತದೆ, ಪುಡಿ ಕಡಿಮೆ ಜಾಗದಲ್ಲಿ ಅಡಗುತ್ತದೆ, ಕೋಲಿನ ಸುತ್ತ ಸಡಿಲವಾಗುತ್ತದೆ. ಕಡಲ ತಳದಲ್ಲಿ ನಡೆದದ್ದೂ ಇದೇ. ಪೈಲ್ ಮೈಗೆ ಸಿಗುವ ಘರ್ಷಣೆ ಬೆಣಚು ಮರಳಿನಲ್ಲಿ ಸಿಗುವುದರ ಐದನೇ ಒಂದು ಭಾಗಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಇನ್ನೊಂದು ತೊಡಕೂ ಇದೆ. ಈ ಮರಳು ಅಲ್ಲಲ್ಲಿ ಸುಣ್ಣದ ಅಂಟಿನಿಂದ ಬೆಸೆದುಕೊಂಡು ಅರೆಗಲ್ಲಾಗಿರುತ್ತದೆ. ನಮ್ಮಲ್ಲಿ ಜಂಬಿಟ್ಟಿಗೆ ನೆಲದಲ್ಲಿ ತೋಡಿದ ಬಾವಿಗೆ ರಿಂಗ್ ಇಳಿಸದಿದ್ದರೂ ಗೋಡೆ ತಾನೇ ನಿಲ್ಲುತ್ತದಲ್ಲ, ಹಾಗೆ ಪೈಲ್ ಹೊಕ್ಕ ತೂತಿನ ಗೋಡೆಯೂ ತನ್ನ ಪಾಡಿಗೆ ನಿಂತುಬಿಡುತ್ತದೆ. ಬಾವಿಗೆ ಒಳ್ಳೆಯದು, ಮಣ್ಣು ಒರಗಿ ಒತ್ತಲಿ ಎಂದು ಕಾಯುವ ಪೈಲ್‌ಗೆ ಅದೇ ಕೇಡು. ಮೇಲೆ ಅಲೆಗಳ ಎಳೆದಾಟ ನಿರಂತರ, ಇದ್ದ ಹಿಡಿತವೂ ಸವೆಯುತ್ತದೆ.

ಮದ್ದು ಹಳ್ಳಿಯ ಮೇಸ್ತ್ರಿಗೂ ಹೊಳೆಯುವಂಥದ್ದು. ಹೊಡೆಯುವುದು ಬಿಟ್ಟು ಕೊರೆಯುವುದು. ರಂಧ್ರ ಕೊರೆದು, ಕೊಳವೆ ಇಳಿಸಿ, ಸುತ್ತಲ ಸಂದಿಗೆ ಸಿಮೆಂಟ್ ಹಾಲು ತುಂಬುತ್ತಾರೆ. ಕಾಳು ಪುಡಿಯಾಗದೆ ಉಳಿಯುತ್ತದೆ, ಹಾಲು ಒರಟು ಗೋಡೆಗೆ ಕಚ್ಚಿಕೊಳ್ಳುತ್ತದೆ. ಖರ್ಚು ಹೆಚ್ಚು, ಕೆಲಸ ನಿಧಾನ. ನಡುಗಡಲಿನಲ್ಲಿ ಒಂದೊಂದು ದಿನವೂ ದುಬಾರಿ.

ಇದು ದೂರದ ಊರಿನ ಕಥೆಯೇನಲ್ಲ. ಮುಂಬೈ ಆಚೆಯ ಬಾಂಬೆ ಹೈ ತೈಲಕ್ಷೇತ್ರದ ತಳದಲ್ಲೂ ಸುಣ್ಣದ ಮರಳಿದೆ, ಲಕ್ಷದ್ವೀಪವಂತೂ ಹವಳದ್ದೇ. ಅಂಥ ಕಡೆ ತಳದಿಂದ ತೆಗೆದ ಮಣ್ಣಿನ ಮೇಲೆ ಒಂದು ಹನಿ ಆಮ್ಲ ಬಿಟ್ಟು ನೋಡುತ್ತಾರೆ. ಬುರುಬುರು ನೊರೆ ಎದ್ದರೆ ಅದು ಸುಣ್ಣದ ಮರಳು, ಹೊಳೆಮರಳಿಗೆ ಹಾಕಿದ ಲೆಕ್ಕವನ್ನು ಅಳಿಸಿ ಮೊದಲಿನಿಂದ ಶುರುಮಾಡಬೇಕು.