ಮನೆಯಲ್ಲಿ ಕೋವಿ ಇಡಲು ಕಡಿಮೆ ಖರ್ಚಿನ ಲಾಕರ್: ಯಾವುದನ್ನು ನೋಡಿ ಕೊಳ್ಳಬೇಕು?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ತಂದೆಯವರ ನಂತರ 12 ಬೋರಿನ ಡಬಲ್ ಬ್ಯಾರೆಲ್ ತೋಟಾಕೋವಿಯ ಲೈಸೆನ್ಸ್ ನನ್ನ ಹೆಸರಿಗಾಗಿದೆ. ಇದುವರೆಗೆ ಕೋವಿ ಬಟ್ಟೆಯ ಬೀರುವಿನಲ್ಲಿತ್ತು. ಈಗ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹೆಚ್ಚು ಖರ್ಚಿಲ್ಲದೆ ಒಳ್ಳೆಯ ಲಾಕರ್ ಮಾಡಿಕೊಳ್ಳುವುದು ಹೇಗೆ?

ಉತ್ತರ: ಕೊಡಗಿನ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಚಿಕ್ಕಮಗಳೂರು, ಹಾಸನದ ಬೆಳೆಗಾರರಿಗೆ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿ ಹಾಕುವಾಗಲೇ ಕೋವಿಯನ್ನು ಭದ್ರವಾಗಿ ಇಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಆದ್ದರಿಂದ ಲಾಕರ್ ಮಾಡಿಸುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದಷ್ಟೇ ಪ್ರಶ್ನೆ.

ಉಳಿತಾಯದ ಮೊದಲ ದಾರಿ ನಿಮ್ಮ ಕೋವಿಯಲ್ಲೇ ಇದೆ. 30 ಇಂಚು ನಳಿಗೆಯ ಡಬಲ್ ಬ್ಯಾರೆಲ್ ಕೋವಿ ಜೋಡಿಸಿದಾಗ ಸುಮಾರು 120 ಸೆಂಟಿಮೀಟರ್ ಉದ್ದವಿರುತ್ತದೆ. ಆದರೆ ನಳಿಗೆಯ ಅಡಿಯ ಮರದ ತುಂಡನ್ನು ಕಳಚಿ, ಕೋವಿಯನ್ನು ತೋಟಾ ತುಂಬುವಾಗಿನಂತೆ ಮಡಚಿ, ನಳಿಗೆಯನ್ನು ಕೊಂಡಿಯಿಂದ ಬಿಡಿಸಿದರೆ ಅದು ಮೂರು ಭಾಗವಾಗುತ್ತದೆ. ಅವುಗಳಲ್ಲಿ ಅತಿ ಉದ್ದವಾದ ನಳಿಗೆಯೂ 76 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ಅಂದರೆ ಆಳೆತ್ತರದ ಲಾಕರ್ ಬೇಕಾಗಿಲ್ಲ. 90 ಸೆಂಟಿಮೀಟರ್ ಎತ್ತರ, 30 ಅಗಲ, 25 ಆಳದ ಪೆಟ್ಟಿಗೆ ಧಾರಾಳವಾಗಿ ಸಾಕು, ಮತ್ತು ಅದನ್ನು ಬೀರುವಿನೊಳಗೆ ಕಾಣದಂತೆ ಕೂರಿಸಲೂ ಬಹುದು. ಬಿಚ್ಚಿಟ್ಟ ಕೋವಿ ಮಗುವಿನ ಕೈಗೆ ಸಿಕ್ಕರೂ ತಕ್ಷಣ ಹಾರುವುದಿಲ್ಲ ಎಂಬುದು ಇನ್ನೊಂದು ಲಾಭ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ ಇರುವವರಿಗೆ ಮಾತ್ರ ಈ ಅನುಕೂಲವಿಲ್ಲ. ಅದು ಹೀಗೆ ಸುಲಭವಾಗಿ ಬಿಚ್ಚುವಂಥದ್ದಲ್ಲವಾದ್ದರಿಂದ ಪೂರ್ತಿ ಉದ್ದದ ಲಾಕರನ್ನೇ ಮಾಡಿಸಬೇಕು.

ಇನ್ನು ತಗಡು. ಬಟ್ಟೆ ಬೀರುಗಳ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳು. ದೊಡ್ಡ ಸ್ಕ್ರೂಡ್ರೈವರಿನಿಂದ ಮೀಟಿದರೆ ಬಾಗಿಲಿನ ಅಂಚು ಬಾಗಿ ಬಿಡುತ್ತದೆ. ಮೈಗೆ ಕನಿಷ್ಠ 2, ಬಾಗಿಲಿಗೆ 3 ಮಿಲಿಮೀಟರ್ ಇರಲಿ. ಅಂಗಡಿಯವರು ಗೇಜಿನ ಲೆಕ್ಕದಲ್ಲಿ ಹೇಳಿದರೆ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವಾಗುತ್ತದೆ ಎಂಬುದು ನೆನಪಿರಲಿ. ಬಾಗಿಲು ಚೌಕಟ್ಟಿನ ಒಳಕ್ಕೆ ಸರಿದು ಕೂರಬೇಕು, ಸಂದಿಯಲ್ಲಿ ಉಳಿ ಇಳಿಯಬಾರದು, ಬಾಗಿಲಿನ ತಿರುಗಣೆ (ಹಿಂಜ್) ಹೊರಗಿದ್ದರೆ ಅದನ್ನು ಕತ್ತರಿಸಿದರೂ ಬಾಗಿಲು ಕಳಚಿ ಬರದಂತೆ ಆ ಬದಿಯಲ್ಲೂ ಒಳಗೆ ಕಚ್ಚು ಇರಬೇಕು. ಇಷ್ಟನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಳ್ಳೆಯ ಗ್ರಿಲ್ ವರ್ಕ್‌ಶಾಪಿನವರು ತೂಕದ ಲೆಕ್ಕದಲ್ಲಿ ಮಾಡಿಕೊಡಬಲ್ಲರು. ಬೀಗವನ್ನು ಮಾತ್ರ ನೀವೇ ಕೊಂಡು ಕೊಡುವುದು ಒಳ್ಳೆಯದು.

ಹೆಚ್ಚಿನವರು ಲಾಕರ್ ಕೊಂಡು ತಂದು ನಿಲ್ಲಿಸಿ ಅಲ್ಲಿಗೇ ಬಿಡುತ್ತಾರೆ. ಮೇಲೆ ಹೇಳಿದ ಅಳತೆಯ ಪೆಟ್ಟಿಗೆಯನ್ನು ಪೂರ್ತಿ 3 ಮಿಲಿಮೀಟರ್ ತಗಡಿನಲ್ಲೇ ಮಾಡಿಸಿದರೂ ಸುಮಾರು 27 ಕಿಲೊ ತೂಗುತ್ತದೆ. 50 ಕಿಲೊ ಕಾಫಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಊರಿನಲ್ಲಿ ಅದೊಂದು ತೂಕವೇ ಅಲ್ಲ. ಒಳಗಿನಿಂದ ನಾಲ್ಕು ಕಡೆ 10 ಅಥವಾ 12 ಮಿಲಿಮೀಟರಿನ ಆಂಕರ್ ಬೋಲ್ಟ್ ಹಾಕಿ ಬಿಗಿಸಲೇಬೇಕು. ಇಲ್ಲಿ ಮಲೆನಾಡಿನ ಹಳೆಯ ಮನೆಗಳ ತೊಡಕು ಎದುರಾಗುತ್ತದೆ. ಆಂಕರ್ ಬೋಲ್ಟ್ ಕಾಂಕ್ರೀಟನ್ನು ಕಚ್ಚಿ ಹಿಡಿಯುವಂತೆ ಮಣ್ಣಿನ ಗೋಡೆಯನ್ನು ಹಿಡಿಯುವುದಿಲ್ಲ. ತಿರುಗಿಸಿದಷ್ಟೂ ತೂತು ಸಡಿಲವಾಗಿ ಪುಡಿ ಉದುರುತ್ತದೆ. ಅಂಥ ಮನೆಯಲ್ಲಿ ನೆಲಕ್ಕೆ ಕಾಂಕ್ರೀಟಿನ ಗಟ್ಟಿ ಹಾಸು ಹಾಕಿಸಿ ಅದಕ್ಕೇ ಬಿಗಿಸಬೇಕು, ಇಲ್ಲವೇ ಗೋಡೆಯ ಆಚೆ ಬದಿಗೂ ಒಂದು ಕಬ್ಬಿಣದ ಪಟ್ಟಿ ಕೊಟ್ಟು ಉದ್ದ ಬೋಲ್ಟನ್ನು ಆರಪಾರ ಹಾಯಿಸಬೇಕು. ಆ ಆಚೆ ಬದಿ ಮನೆಯ ಒಳಕೋಣೆಯೇ ಆಗಿರಲಿ.

ಬೀಗದ ವಿಷಯದಲ್ಲಿ ನನ್ನ ಒಲವು ಎಂಟು ಲೀವರಿನ, ಅಂದರೆ ಒಳಗೆ ಎಂಟು ಲೋಹದ ಪಟ್ಟಿಗಳಿರುವ, ಕೀಲಿ ಬೀಗದ ಕಡೆಗೆ. ಅಗ್ಗದ ಅಂಕಿ ಒತ್ತುವ ಬೀಗಗಳಲ್ಲಿ ಕೆಲವು ಮೇಲಿನಿಂದ ಜೋರಾಗಿ ಗುದ್ದಿದರೆ ತೆರೆದುಕೊಳ್ಳುತ್ತವೆ. ಮಳೆಗಾಲದ ತೇವಕ್ಕೆ ಬ್ಯಾಟರಿಯ ತುದಿಗಳು ಹಸಿರುಗಟ್ಟುವುದೂ ಉಂಟು. ಆದರೆ ಕೀಲಿಯನ್ನು ದೇವರ ಗೂಡಿನಲ್ಲೋ ಗಡಿಯಾರದ ಹಿಂದೆಯೋ ಇಡುವುದಾದರೆ ಯಾವ ಬೀಗ ಹಾಕಿಯೂ ಫಲವಿಲ್ಲ. ಅವು ಮಕ್ಕಳು ಮೊದಲು ಹುಡುಕುವ ಜಾಗಗಳು. ಕೀಲಿ ಲೈಸೆನ್ಸ್‌ದಾರರ ಸೊಂಟದಲ್ಲಿರಬೇಕು.

ಬೆಂಕಿ ತಡೆಯುವ ಲಾಕರಿಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಕೋವಿಗೆ ಇಲ್ಲಿ ನಿಜವಾದ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ತೊಗಲಿನ ಚೀಲದಲ್ಲೋ ಉಣ್ಣೆಯ ಬಟ್ಟೆಯಲ್ಲೋ ಸುತ್ತಿಟ್ಟರೆ ಅದು ನೀರಿನಂಶ ಹೀರಿಕೊಂಡು ನಳಿಗೆಗೆ ತುಕ್ಕು ಹಿಡಿಸುತ್ತದೆ. ಕೋವಿಗೆ ತೆಳುವಾಗಿ ಎಣ್ಣೆ ಸವರಿ ಹಾಗೆಯೇ ಇಡಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಡಬ್ಬಿಯೊಂದಿರಲಿ. ಬಣ್ಣ ಮಾಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಲಾಕರ್ ತಣ್ಣನೆಯ ಹೊರಗೋಡೆಗೆ ಅಂಟಿಕೊಳ್ಳದಂತೆ ಬೋಲ್ಟುಗಳ ಹಿಂದೆ ದಪ್ಪ ವಾಷರ್ ಕೊಡಿಸಿ.

ತೋಟಾಗಳನ್ನು ಬೇರೆಯೇ ಬೀಗವಿರುವ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಕೋವಿಯನ್ನು ಲಾಕರಿಗೆ ಇಡುವ ಮುಂಚೆ ಎರಡೂ ನಳಿಗೆ ಖಾಲಿಯಿದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತಪಡಿಸಿಕೊಳ್ಳಿ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವಂತೆ ಆದೇಶವಾಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ವಾರಗಳಲ್ಲಿ ಲಾಕರನ್ನು ತೆರೆದಿಟ್ಟು ಒಣಗಿಸಬಹುದು. ವರ್ಷದಲ್ಲಿ ಬಹುಕಾಲ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿರುವವರು ಲಾಕರಿಗೆ ಖರ್ಚು ಮಾಡುವ ಬದಲು ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿ ಕೋವಿಯನ್ನು ಠೇವಣಿ ಇಟ್ಟು ರಸೀದಿ ಪಡೆಯುವುದೇ ಮೇಲು. ಕೋವಿಯ ನಂಬರು ಮತ್ತು ಲೈಸೆನ್ಸಿನ ಪ್ರತಿಯನ್ನು ಲಾಕರಿನ ಹೊರಗೆ ಬೇರೆಡೆ ಇಟ್ಟುಕೊಳ್ಳಿ. ಕಳವಾದರೆ ತಡಮಾಡದೆ ಠಾಣೆಗೆ ದೂರು ಕೊಡುವಾಗ ಮೊದಲು ಕೇಳುವುದು ಆ ನಂಬರನ್ನೇ.