ಒಂದೇ ದೇಶ, ಸಭೆಗೊಂದು ಪಾತ್ರ

ವಿಜಯಪುರದ ಫ್ರಿಜ್ ರಿಪೇರಿ ಅಂಗಡಿಯೊಂದರಲ್ಲಿ ಗೋಡೆಗೆ ಒರಗಿಸಿಟ್ಟ ಸಿಲಿಂಡರುಗಳ ಮೇಲೆ ಆರ್-22, ಆರ್-134ಎ ಎಂದು ಬರೆದಿದೆ. “ಆರ್-12 ಈಗ ಸಿಗೂದಿಲ್ರಿ, ಅದು ನಮ್ಮ ಉಸ್ತಾದರ ಕಾಲಕ್ಕೇ ಮುಗೀತು” ಎನ್ನುತ್ತಾರೆ ಅಂಗಡಿಯವರು. ಓಝೋನ್ ಪದರವನ್ನು ತಿನ್ನುತ್ತಿದ್ದ ಆ ಗ್ಯಾಸನ್ನು ಪೇಟೆಯಿಂದ ಹೊರಗಟ್ಟಿದ್ದು 1987ರ ಮಾಂಟ್ರಿಯಲ್ ಒಪ್ಪಂದ. ಪರಿಸರ ಮಾತುಕತೆಯಲ್ಲಿ ಒಂದು ದೇಶ ಮುಂದಾಳಾಗುವುದೋ ಅಡ್ಡಗಾಲು ಹಾಕುವುದೋ ಎಂಬುದು ಅದರ ಲಾಭ-ನಷ್ಟದ ಲೆಕ್ಕದ ಮೇಲೆ ನಿಂತಿರುತ್ತದೆ ಎಂಬುದನ್ನು ಆ ಒಪ್ಪಂದದ ಕಥೆ ಚೆನ್ನಾಗಿ ತೋರಿಸುತ್ತದೆ.

ಅಂದು ಮುಂದಾಳು ಅಮೆರಿಕ. ಸ್ಪ್ರೇ ಡಬ್ಬಿಗಳಲ್ಲಿ ಸಿಎಫ್‌ಸಿ (ಆರ್-12 ಸೇರಿದ ಗ್ಯಾಸುಗಳ ಗುಂಪು) ಬಳಸುವುದನ್ನು 1978ರಲ್ಲೇ ನಿಷೇಧಿಸಿದ್ದ ಅದಕ್ಕೆ ಕೆನಡಾ ಮತ್ತು ನಾರ್ಡಿಕ್ ದೇಶಗಳು ಜೊತೆಯಾದವು. ದೊಡ್ಡ ತಯಾರಕರಿದ್ದ ಬ್ರಿಟನ್, ಫ್ರಾನ್ಸ್‌ಗಳಿಂದಾಗಿ ಯುರೋಪು ಮೀನಮೇಷ ಎಣಿಸುತ್ತಿತ್ತು. ಭಾರತ, ಚೀನಾಗಳು ಸಹಿ ಹಾಕದೆ ಹೊರಗೇ ಉಳಿದವು. ಪದರವನ್ನು ಹರಿದವರು ಬೇರೆಯವರು, ಹೊಸ ತಂತ್ರಜ್ಞಾನಕ್ಕೆ ನಾವೇಕೆ ಕೈಯಿಂದ ಹಣ ಹಾಕಬೇಕು ಎಂಬುದು ಅವುಗಳ ವಾದವಾಗಿತ್ತು; ಅದರಲ್ಲಿ ಹುರುಳೂ ಇತ್ತು. 1990ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆ ಬಡ ದೇಶಗಳ ಈ ಖರ್ಚಿಗೆಂದು ಮೊದಲ ಮೂರು ವರ್ಷಗಳಿಗೆ 16 ಕೋಟಿ ಡಾಲರಿನ ನಿಧಿಯನ್ನು ಒಪ್ಪಿಕೊಂಡು, ಈ ಎರಡು ದೇಶಗಳೂ ಸೇರಿದರೆ ಅದನ್ನು 24 ಕೋಟಿಗೆ ಏರಿಸುವುದಾಗಿ ಹೇಳಿತು. ಹೊರಗೆ ನಿಂತವರ ಬೆಲೆಯನ್ನು ಇಷ್ಟು ನೇರವಾಗಿ ಕಟ್ಟಿದ ಸಂದರ್ಭಗಳು ವಿರಳ. ಚೀನಾ 1991ರಲ್ಲಿ, ಭಾರತ 1992ರಲ್ಲಿ ಒಳಬಂದವು.

ಹವಾಮಾನದ ಮಾತುಕತೆಗೆ ಬಂದರೆ ವೇಷಗಳು ಅದಲುಬದಲಾಗಿವೆ. ಶ್ರೀಮಂತ ದೇಶಗಳು ಭೂಮಿಯನ್ನು ಬಿಸಿಮಾಡುವ ಅನಿಲಗಳನ್ನು ತಗ್ಗಿಸಬೇಕೆಂದ ಕ್ಯೋಟೋ ಒಪ್ಪಂದಕ್ಕೆ 2001ರಲ್ಲಿ ಬೆನ್ನು ತೋರಿಸಿದ್ದು ಅದೇ ಅಮೆರಿಕ. ಮುಂದೆ ನಿಂತು ಅದನ್ನು ಉಳಿಸಿಕೊಂಡದ್ದು ಅದೇ ಯುರೋಪು.

2021ರ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ ಸರದಿ ನಮ್ಮದಾಯಿತು. ಕಲ್ಲಿದ್ದಲು ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂದು ಕರಡು ನಿರ್ಣಯದಲ್ಲಿದ್ದ ಜಾಗದಲ್ಲಿ ‘ತಗ್ಗಿಸುವುದು’ ಎಂಬ ಪದವನ್ನು ಕೊನೆಯ ಗಳಿಗೆಯಲ್ಲಿ ಭಾರತ ಮುಂದಿಟ್ಟಿತು. ಸರ್ವಸಮ್ಮತಿಯಿಲ್ಲದೆ ನಿರ್ಣಯವೇ ಇಲ್ಲವಾದ್ದರಿಂದ, ಸ್ವಿಟ್ಜರ್ಲೆಂಡ್ ಮತ್ತು ದ್ವೀಪರಾಷ್ಟ್ರಗಳು ಅಸಮಾಧಾನವನ್ನು ಹೇಳಿಕೊಂಡೇ ಒಪ್ಪಿದವು. ತಲಾ 800 ಮೆಗಾವಾಟ್‌ನ ಮೂರು ಘಟಕಗಳಿರುವ ಕೂಡಗಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳನ್ನು ದಿನವೂ ನೋಡುವ ವಿಜಯಪುರ ಜಿಲ್ಲೆಯವರಿಗೆ ಆ ಎರಡು ಪದಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ. ಭಾರತದ ತಕರಾರಿಗೂ ಆಧಾರವಿತ್ತು: ಬಡ ದೇಶಗಳ ಕಲ್ಲಿದ್ದಲನ್ನು ಹೆಸರಿಟ್ಟು ಕರೆದ ಆ ವಾಕ್ಯ, ಶ್ರೀಮಂತ ದೇಶಗಳು ಉರಿಸುವ ಎಣ್ಣೆ, ಅನಿಲಗಳನ್ನು ತಗ್ಗಿಸುವ ಮಾತೆತ್ತಿರಲಿಲ್ಲ. ಪಳೆಯುಳಿಕೆ ಇಂಧನಗಳಿಂದಲೇ ದೂರ ಸರಿಯಬೇಕೆಂಬ ಮಾತು ನಿರ್ಣಯದೊಳಗೆ ಬರಲು 2023ರ ದುಬೈ ಸಭೆಯವರೆಗೆ ಕಾಯಬೇಕಾಯಿತು.