ಹೆಸರು ಬದಲಾಯಿಸಿದ್ದು ಎಲ್ಲಿಸ್ ಐಲೆಂಡಿನ ಅಧಿಕಾರಿಯೇ?

ಓದುಗರ ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು. ಬೀಗರ ಹಿರಿಯರು 1740ರ ಸುಮಾರಿಗೆ ಜರ್ಮನಿ ಕಡೆಯಿಂದ ಪೆನ್ಸಿಲ್ವೇನಿಯಾಕ್ಕೆ ಬಂದವರಂತೆ. ಮೊಮ್ಮಗಳಿಗೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಡಬೇಕು ಅಂತ ಆಸೆ. ನಮ್ಮ ಕಡೆಯದು ಮುಗಿದಿದೆ. ಅವರ ಕಡೆ ಮಾತ್ರ ಮುಂದೆ ಹೋಗುತ್ತಿಲ್ಲ. ಎಲ್ಲಿಸ್ ಐಲೆಂಡಿನಲ್ಲಿ ಅಧಿಕಾರಿ ಅವರ ಮನೆತನದ ಹೆಸರನ್ನೇ ಬದಲಾಯಿಸಿಬಿಟ್ಟನಂತೆ, ಅದಕ್ಕೇ ಹಳೆಯ ದಾಖಲೆ ಸಿಗುವುದಿಲ್ಲವಂತೆ. ಇದಕ್ಕೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಮೊದಲು ಆ ಅಧಿಕಾರಿಯ ಕಥೆಯನ್ನು ಬಿಡಬೇಕು. ಬೀಗರ ಊರು ಬೇರೆ, ಹೆಸರು ಬೇರೆ, ಕಥೆ ಮಾತ್ರ ಎಲ್ಲರದ್ದೂ ಇದೇ. ಎಷ್ಟು ಜನರಿಗೆ ಉತ್ತರ ಬರೆದರೂ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಉದ್ದವಾಗಿಯೇ ಬರೆಯುತ್ತಿದ್ದೇನೆ.

ತಾರೀಖು ನೋಡಿ. ಎಲ್ಲಿಸ್ ಐಲೆಂಡ್, ಅಂದರೆ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಕೇಂದ್ರ, ಶುರುವಾದದ್ದು 1892ರ ಜನವರಿ 1ರಂದು. ನಿಮ್ಮ ಬೀಗರ ಹಿರಿಯರು ಬಂದದ್ದು 1740ರ ಸುಮಾರಿಗೆ ಅಂತ ನೀವೇ ಬರೆದಿದ್ದೀರಿ. ನಡುವೆ ನೂರೈವತ್ತು ವರ್ಷ ಇದೆ, ಅಲ್ವಾ? ಅವರು ಬಂದಾಗ ಅಮೆರಿಕ ಅನ್ನುವ ದೇಶವೇ ಇರಲಿಲ್ಲ. ಪೆನ್ಸಿಲ್ವೇನಿಯಾ ಆಗ ಬ್ರಿಟಿಷರ ವಸಾಹತು. ಅಲ್ಲಿಗೆ ಹೋಗುತ್ತಿದ್ದ ಜರ್ಮನ್ ಕುಟುಂಬಗಳು ಸಾಮಾನ್ಯವಾಗಿ ಇಳಿಯುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ. ನ್ಯೂಯಾರ್ಕಿನ ಆ ದ್ವೀಪಕ್ಕೂ ಅವರಿಗೂ ಸಂಬಂಧವೇ ಇಲ್ಲ.

1892ರ ನಂತರ ಬಂದವರ ವಿಷಯದಲ್ಲೂ ಈ ಕಥೆ ನಿಲ್ಲುವುದಿಲ್ಲ. ಎಲ್ಲಿಸ್ ಐಲೆಂಡಿನ ಅಧಿಕಾರಿ ಯಾರ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತಿರಲಿಲ್ಲ. ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರೇ ಹತ್ತಿಸಿಕೊಳ್ಳುವ ಬಂದರಿನಲ್ಲಿ ತಯಾರಿಸುತ್ತಿದ್ದರು. ಹೆಸರು, ವಯಸ್ಸು, ಕಸುಬು, ಹೋಗುವ ಊರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಕಂಪನಿಗೂ ಎಚ್ಚರ ಬೇಕಿತ್ತು. ಅಮೆರಿಕದವರು ಒಳಗೆ ಬಿಡದ ಪ್ರಯಾಣಿಕನನ್ನು ಕಂಪನಿ ತನ್ನ ಖರ್ಚಿನಲ್ಲೇ ವಾಪಸ್ ಕರೆದುಕೊಂಡು ಹೋಗಬೇಕಿತ್ತು. ಎಲ್ಲಿಸ್ ಐಲೆಂಡಿನ ಅಧಿಕಾರಿ ಆ ಪಟ್ಟಿಯನ್ನು ಮುಂದಿಟ್ಟುಕೊಂಡು, ಎದುರಿಗೆ ನಿಂತವರ ಉತ್ತರ ಅದಕ್ಕೆ ಹೊಂದುತ್ತದೆಯೇ ಅಂತ ನೋಡುತ್ತಿದ್ದ. ಭಾಷೆ ಬರದವರಿಗೆ ದುಭಾಷಿಗಳಿದ್ದರು. ಅಲ್ಲಿಂದ ಹೊರಬೀಳುವಾಗ ಯಾರ ಕೈಗೂ ಹೊಸ ಹೆಸರಿನ ಕಾಗದ ಕೊಡುತ್ತಿರಲಿಲ್ಲ.

ಹಾಗಾದರೆ ಹೆಸರುಗಳು ಬದಲಾಗಲಿಲ್ಲವೇ? ಖಂಡಿತ ಬದಲಾದವು. ಬದಲಾಯಿಸಿಕೊಂಡವರು ಅವರೇ. ಕೆಲಸದ ಜಾಗದಲ್ಲಿ, ಮಕ್ಕಳ ಶಾಲೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಹೆಸರು ಬದಲಾಯಿತು. 1906ರ ಕಾನೂನು ಬಂದಮೇಲೆ ಪೌರತ್ವ ಪಡೆಯುವಾಗಲೇ ನ್ಯಾಯಾಲಯದಲ್ಲಿ ಹೆಸರು ಬದಲಾಯಿಸಿಕೊಳ್ಳಲೂ ಅವಕಾಶವಿತ್ತು. ಮುಂದಿನ ತಲೆಮಾರಿಗೆ ಇದನ್ನು ವಿವರಿಸಿ ಹೇಳುವುದು ಕಷ್ಟವಾಗಿರಬೇಕು. ತಪ್ಪನ್ನು ಒಬ್ಬ ಅಧಿಕಾರಿಯ ಮೇಲೆ ಹಾಕಿದರೆ ಕಥೆ ಸುಲಭ. ಆಮೇಲೆ ಎಲ್ಲಿಸ್ ಐಲೆಂಡನ್ನು ನೋಡದವರ ಮನೆಗಳಲ್ಲೂ ಅದೇ ಕಥೆ ಸೇರಿಕೊಂಡಿತು.

ನನಗೆ ಬೇಸರವಾಗುವುದು ಕಥೆ ಸುಳ್ಳು ಅನ್ನುವುದಕ್ಕಲ್ಲ. ಇದನ್ನು ನಂಬಿದವರು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಅಧಿಕಾರಿ ಹೆಸರು ಅಳಿಸಿಬಿಟ್ಟ, ಇನ್ನೇನು ಮಾಡುವುದು ಅಂತ ಕೈಚೆಲ್ಲುತ್ತಾರೆ. ದಾಖಲೆಗಳು ಅಲ್ಲೇ ಇರುತ್ತವೆ, ತೆರೆದು ನೋಡುವವರಿಲ್ಲ.

ನಿಮ್ಮ ಬೀಗರ ವಿಷಯದಲ್ಲಂತೂ ಒಳ್ಳೆಯ ದಾಖಲೆಯೇ ಇದೆ. 1727ರಿಂದ ಫಿಲಡೆಲ್ಫಿಯಾಕ್ಕೆ ಬಂದ ಜರ್ಮನ್ ಗಂಡಸರು, 16 ವರ್ಷ ದಾಟಿದವರು, ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ಆ ಪಟ್ಟಿಗಳು ಉಳಿದಿವೆ, ಅಚ್ಚಾಗಿಯೂ ಇವೆ. ಹಲವು ಹಡಗುಗಳಿಗೆ ಒಂದಕ್ಕಿಂತ ಜಾಸ್ತಿ ಪಟ್ಟಿ ಇದೆ. ಕ್ಯಾಪ್ಟನ್ ಕೊಟ್ಟ ಪಟ್ಟಿಯಲ್ಲಿ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿದ ಹಾಗೆ ಬರೆದಿದ್ದಾರೆ. ಪ್ರಮಾಣದ ಪಟ್ಟಿಯಲ್ಲಿ ಅದೇ ಮನುಷ್ಯ ತನ್ನ ಕೈಯಾರೆ ಜರ್ಮನ್ ಲಿಪಿಯಲ್ಲಿ ಸಹಿ ಮಾಡಿದ್ದಾನೆ. ಬರೆಯಲು ಬಾರದವನು ಗುರುತು ಹಾಕಿದ್ದಾನೆ, ಪಕ್ಕದಲ್ಲಿ ಗುಮಾಸ್ತ ಹೆಸರು ಬರೆದಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೆಸರು ಬದಲಾಗುವುದಕ್ಕೆ ಶುರುವಾದ ಜಾಗವೇ ಕಣ್ಣಿಗೆ ಬೀಳುತ್ತದೆ. ಅಮೆರಿಕದ ಅಧ್ಯಕ್ಷರಾಗಿದ್ದ ಹೂವರ್ ಅವರ ಹಿರಿಯ ಆಂಡ್ರಿಯಾಸ್ ಹೂಬರ್ ಬಂದದ್ದು ಹೀಗೇ, 1738ರಲ್ಲಿ. ಇನ್ನೊಬ್ಬ ಅಧ್ಯಕ್ಷ ಐಸೆನ್‌ಹೋವರ್ ಅವರ ಹಿರಿಯರು ಐಸೆನ್‌ಹೌವರ್ ಆಗಿ ಬಂದದ್ದು 1741ರಲ್ಲಿ. ಇವರ ಹೆಸರಿಗೆ ಯಾರೂ ಕತ್ತರಿ ಹಾಕಲಿಲ್ಲ. ಇಂಗ್ಲಿಷ್ ಆಡುವ ಅಕ್ಕಪಕ್ಕದವರ ಬಾಯಲ್ಲಿ ತಲೆಮಾರಿನಿಂದ ತಲೆಮಾರಿಗೆ ತಾನಾಗಿಯೇ ಸವೆಯಿತು.

ಆ ಕಾಲದಲ್ಲಿ ಹೆಸರಿಗೆ ಒಂದೇ ಕಾಗುಣಿತ ಅನ್ನುವುದು ಇರಲೇ ಇಲ್ಲ. ಗುಮಾಸ್ತ ಕೇಳಿದ್ದನ್ನು ಬರೆದ, ಪಾದ್ರಿ ತನಗೆ ತೋಚಿದಂತೆ ಬರೆದ. ನಮ್ಮಲ್ಲಿ ಒಬ್ಬರದೇ ಹೆಸರು ಪಹಣಿಯಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇರುತ್ತದಲ್ಲ, ಹಾಗೆಯೇ. ಹಾಗಂತ ಅವರು ಮೂವರಾಗುವುದಿಲ್ಲ.

ಇದಕ್ಕೆ ಅಬ್ರಹಾಂ ಲಿಂಕನ್ ಅವರ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಲಿಂಕನ್ ಅವರಿಗೆ ತಮ್ಮ ವಂಶದ ಬಗ್ಗೆ ತಿಳಿದಿದ್ದದ್ದು ತೀರಾ ಕಡಿಮೆ. 1859ರಲ್ಲಿ ಬರೆದ ಚಿಕ್ಕ ಆತ್ಮಕಥೆಯಲ್ಲಿ ಅವರು ತಾತನ ತನಕ ಹೇಳುತ್ತಾರೆ. ತಾತ ವರ್ಜೀನಿಯಾದಿಂದ ಕೆಂಟಕಿಗೆ ಬಂದವರು, ಅವರಿಗಿಂತ ಹಿಂದಿನವರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಅಷ್ಟೇ. ನ್ಯೂ ಇಂಗ್ಲೆಂಡಿನಲ್ಲೂ ಲಿಂಕನ್ ಅನ್ನುವ ಮನೆತನ ಇತ್ತು. ಅದರ ಜೊತೆ ನಂಟು ಹುಡುಕಲು ಹೋದವರಿಗೆ ಎರಡೂ ಕಡೆ ಮೊರ್ಡೆಕೈ, ಅಬ್ರಹಾಂ, ಸಾಲೊಮನ್ ಅಂತ ಒಂದೇ ಥರದ ಹೆಸರುಗಳಿವೆ ಅನ್ನುವುದಕ್ಕಿಂತ ಹೆಚ್ಚೇನೂ ಸಿಗಲಿಲ್ಲ ಅಂತಲೂ ಬರೆದಿದ್ದಾರೆ. ನೆನಪು ಯಾಕೆ ಹೀಗೆ ತುಂಡಾಯಿತು? ತಾತ 1786ರಲ್ಲಿ ಕೆಂಟಕಿಯ ತಮ್ಮ ಹೊಲದಲ್ಲೇ ದಾಳಿಯಲ್ಲಿ ಸತ್ತರು. ತಂದೆ ಥಾಮಸ್ ಆಗ ಚಿಕ್ಕ ಹುಡುಗ. ಮನೆಯ ಹಳೆಯ ಸುದ್ದಿ ಹೇಳಬೇಕಾದವರೇ ಹೊರಟುಹೋದರು.

ಆದರೂ ದಾಖಲೆ ಹುಡುಕಿದವರು ಏಳು ತಲೆಮಾರನ್ನು ಜೋಡಿಸಿದರು. 1637ರಲ್ಲಿ ಇಂಗ್ಲೆಂಡಿನಿಂದ ನ್ಯೂ ಇಂಗ್ಲೆಂಡಿನ ಮ್ಯಾಸಚೂಸೆಟ್ಸ್‌ಗೆ ಬಂದು ಹಿಂಗಮ್ ಊರಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಲಿಂಕನ್ ಮೊದಲಿಗ. ಅವನ ಮಗ ಮೊರ್ಡೆಕೈ. ಅವನ ಮಗನೂ ಮೊರ್ಡೆಕೈ. ಇವನು ನ್ಯೂಜೆರ್ಸಿಗೆ ಹೋಗಿ, ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ ಹೋದ. ಅವನ ಮಗ ಜಾನ್ ವರ್ಜೀನಿಯಾದ ಶೆನಾಂಡೊವಾ ಕಣಿವೆಗೆ ಇಳಿದ. ಅವನ ಮಗ ಅಬ್ರಹಾಂ, ಕೆಂಟಕಿಯಲ್ಲಿ ಸತ್ತವನು. ಆಮೇಲೆ ಥಾಮಸ್. ಆಮೇಲೆ ಅಧ್ಯಕ್ಷರು. ಅವರಿಗೆ ಬರೀ ಹೆಸರಿನ ಹೋಲಿಕೆಯಾಗಿ ಕಂಡದ್ದು ನಿಜವಾದ ನಂಟೇ ಆಗಿತ್ತು.

ಇದನ್ನು ಜೋಡಿಸಿದ್ದು ಹೇಗೆ? ಜಮೀನಿನ ಬೆನ್ನು ಹತ್ತಿ. ಎರಡನೇ ಮೊರ್ಡೆಕೈ 1736ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ನ್ಯೂಜೆರ್ಸಿಯ 300 ಎಕರೆಯನ್ನು ಹಿರಿಯ ಮಗ ಜಾನ್‌ಗೆ ಬಿಟ್ಟಿದ್ದ. ಮುಂದೆ ಆ ಜಮೀನನ್ನು ಜಾನ್ ಮಾರಿದ. ಮಾರುವವನು ತನಗೆ ಆ ನೆಲ ಹೇಗೆ ಬಂತು ಅಂತ ಪತ್ರದಲ್ಲಿ ಹೇಳಬೇಕು. ಹಾಗೆ ಅಪ್ಪ ಮಗ ಇಬ್ಬರೂ ಒಂದೇ ಕಾಗದದಲ್ಲಿ ಸಿಗುತ್ತಾರೆ. ಊರಿಂದ ಊರಿಗೆ ಹೋದವರ ಜನನ ದಾಖಲೆ ಸಿಗದೇ ಇರಬಹುದು. ಆದರೆ ನೆಲ ಕೊಂಡ, ಮಾರಿದ, ಹಂಚಿದ ಕಾಗದವನ್ನು ಜನ ಜೋಪಾನ ಮಾಡುತ್ತಾರೆ.

ಕಾಗುಣಿತದ ವಿಷಯಕ್ಕೆ ಬಂದರೆ, ತಾತ ಅಬ್ರಹಾಂ ಕೆಂಟಕಿಯಲ್ಲಿ ತೆಗೆದುಕೊಂಡ 400 ಎಕರೆಯ ಸರ್ವೆ ಕಾಗದದಲ್ಲಿ ಅವರ ಹೆಸರು ‘ಲಿಂಕ್‌ಹಾರ್ನ್’. ಅದೇ ಕಾಗದದ ಕೆಳಗೆ ಅಳತೆಯ ಸರಪಳಿ ಹಿಡಿದ ಇಬ್ಬರ ಹೆಸರು ‘ಲಿಂಕನ್’. ಅದು 1785ನೇ ಇಸವಿ. ಹೆಸರು ಬದಲಾಯಿಸಲು ಯಾವ ದ್ವೀಪವೂ ಬೇಕಾಗಲಿಲ್ಲ. ಲಿಂಕನ್ ಅಂತ ಬರೆದಿದ್ದರೆ ಮಾತ್ರ ನಮ್ಮವರು ಅಂತ ಹೊರಟವರಿಗೆ ಈ ಕಾಗದ ಎಂದೂ ಸಿಗುತ್ತಿರಲಿಲ್ಲ.

ಇನ್ನು ನೀವು ಮಾಡಬೇಕಾದದ್ದು. ಇವತ್ತಿನಿಂದ ಹಿಂದಕ್ಕೆ ಹೋಗಿ, ಒಂದು ತಲೆಮಾರನ್ನೂ ಹಾರಬೇಡಿ. 1850ರ ಜನಗಣತಿಯ ತನಕ ಸಲೀಸು, ಯಾಕೆಂದರೆ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಬರೆಯಲು ಶುರುಮಾಡಿದ್ದು ಅಲ್ಲಿಂದ. 1790ರಿಂದ 1840ರ ತನಕದ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಸಂಖ್ಯೆ. ಯಾರು ಯಾರಿಗೆ ಏನಾಗಬೇಕು ಅಂತ ಬರೆದದ್ದು 1880ರಿಂದ. ಹಾಗಾಗಿ 1850ರ ಪಟ್ಟಿಯಲ್ಲಿ ಒಬ್ಬ ಹೆಂಗಸು ಕಂಡ ತಕ್ಷಣ ಆಕೆಯೇ ಮಕ್ಕಳ ತಾಯಿ ಅಂತ ಬರೆದುಕೊಳ್ಳಬೇಡಿ. ಎರಡನೇ ಹೆಂಡತಿ ಇರಬಹುದು, ಅಕ್ಕನೋ ತಂಗಿಯೋ ಇರಬಹುದು. 1890ರ ಗಣತಿಯನ್ನು ಹುಡುಕುತ್ತಾ ಸುಮ್ನೆ ದಿನ ಕಳೆಯಬೇಡಿ. 1921ರ ಬೆಂಕಿಯ ನಂತರ ಅದರಲ್ಲಿ ಉಳಿದದ್ದು ತೀರಾ ಸ್ವಲ್ಪ.

1850ಕ್ಕಿಂತ ಹಿಂದೆ ಹೋಗಲು ಉಯಿಲು, ಜಮೀನು ಪತ್ರ, ತೆರಿಗೆ ಪಟ್ಟಿ, ಚರ್ಚಿನ ಪುಸ್ತಕ. ಇಲ್ಲಿ ಕೌಂಟಿಯ ಗಡಿ ತಿಳಿದಿರಬೇಕು. ಎರಡನೇ ಮೊರ್ಡೆಕೈ ಸತ್ತಾಗ ಬರ್ಕ್ಸ್ ಕೌಂಟಿ ಹುಟ್ಟಿಯೇ ಇರಲಿಲ್ಲ. ಅದು ಆದದ್ದು 1752ರಲ್ಲಿ. ಅವನ ಜಮೀನು ಆಗ ಫಿಲಡೆಲ್ಫಿಯಾ ಕೌಂಟಿಗೆ ಸೇರಿತ್ತು. ಮಗ ಜಾನ್ ವರ್ಜೀನಿಯಾದಲ್ಲಿ ನೆಲೆಸಿದಾಗ ಆ ಜಾಗ ಆಗಸ್ಟಾ ಕೌಂಟಿ, 1778ರಿಂದ ರಾಕಿಂಗ್‌ಹ್ಯಾಮ್ ಕೌಂಟಿ. ಮನೆ ಕದಲದಿದ್ದರೂ ಕಚೇರಿ ಬದಲಾಗುತ್ತದೆ. ರಾಕಿಂಗ್‌ಹ್ಯಾಮ್‌ನ ಎಷ್ಟೋ ಕಡತಗಳು 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಸುಟ್ಟುಹೋದವು ನಿಜ. ಅಲ್ಲಿಗೆ ನಿಲ್ಲಿಸಬೇಡಿ. 1782ರಿಂದ ವರ್ಜೀನಿಯಾದ ತೆರಿಗೆ ಪಟ್ಟಿಯ ಒಂದು ಪ್ರತಿ ರಾಜಧಾನಿ ರಿಚ್ಮಂಡಿಗೆ ಹೋಗುತ್ತಿತ್ತು. ಕೌಂಟಿಯಲ್ಲಿ ಸುಟ್ಟ ಮನೆತನ ರಿಚ್ಮಂಡಿನಲ್ಲಿ ಸಿಗಬಹುದು.

ಒಂದು ಮಾತು ಹೇಳಲೇಬೇಕು. ಇದೆಲ್ಲ ಸ್ವತಂತ್ರರ ದಾರಿ. ಗುಲಾಮರಾಗಿದ್ದವರ ಹೆಸರನ್ನು 1850, 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬರೆಯಲೇ ಇಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಅವರಲ್ಲಿ ಹೆಚ್ಚಿನವರು ಹೆಸರಿನೊಂದಿಗೆ ಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. ಅವರ ಮೊಮ್ಮಕ್ಕಳು ತಮ್ಮ ಹಿರಿಯರನ್ನು ಹುಡುಕಲು ಒಡೆಯನ ಉಯಿಲು ಮತ್ತು ಆಸ್ತಿಪಟ್ಟಿಯನ್ನೇ ಓದಬೇಕಾಗುತ್ತದೆ. ಅಲ್ಲಿ ಮನುಷ್ಯರ ಹೆಸರು ದನಕರು, ಪಾತ್ರೆಗಳ ಜೊತೆ ಬೆಲೆ ಸಮೇತ ಇರುತ್ತದೆ. ಅದನ್ನು ಓದುವುದು ಕಷ್ಟ. ಆದರೂ ಓದಿ ಮನೆತನ ಕಟ್ಟಿದವರಿದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ನಾನೇ ಎತ್ತುತ್ತೇನೆ. ನೀವು ಹುಡುಕುತ್ತಿರುವುದು ಸೊಸೆಯ ಅಪ್ಪನ, ಅವರಪ್ಪನ, ಅವರಪ್ಪನ ಸಾಲು. ಅವಳ ಅಮ್ಮನ ಕಡೆಯವರು ಎಲ್ಲಿ? ಪ್ರತಿ ತಲೆಮಾರಿನಲ್ಲೂ ಒಬ್ಬಳು ಮದುವೆಯಾಗಿ ಬಂದಿದ್ದಾಳೆ, ತನ್ನ ತವರಿನ ಹೆಸರನ್ನು ಅಲ್ಲೇ ಬಿಟ್ಟು. ಹೆಸರು ಕಳೆದುಹೋಯಿತು ಅಂತ ದುಃಖ ಪಡುವುದಾದರೆ ನಿಜವಾಗಿ ಕಳೆದುಹೋದದ್ದು ಇಲ್ಲಿ.

ಲಿಂಕನ್ ಅವರ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಅವರನ್ನೇ ನೋಡಿ. ಆಕೆ ತೀರಿಕೊಂಡದ್ದು 1818ರಲ್ಲಿ, ಹೆಂಗಸರ ಹೆಸರು ಗಣತಿಗೆ ಬರುವ ಕಾಲಕ್ಕೆ ಎಷ್ಟೋ ಮುಂಚೆ. ಮದುವೆಯ ದಾಖಲೆಯೇ ಇಲ್ಲ ಅಂತ ಬಹಳ ಕಾಲ ಜನ ಏನೇನೋ ಮಾತಾಡಿಕೊಂಡರು. ದಂಪತಿ ಬಾಳಿದ ಹಾರ್ಡಿನ್ ಕೌಂಟಿಯಲ್ಲಿ ಹುಡುಕುತ್ತಿದ್ದರು. ಕಾಗದ ಇದ್ದದ್ದು ವಾಷಿಂಗ್ಟನ್ ಕೌಂಟಿಯಲ್ಲಿ, ಮದುವೆ ನಡೆದ ಜಾಗದಲ್ಲಿ. 1806ರ ಜೂನ್ 12ಕ್ಕೆ ಮದುವೆ ಸರಿಯಾಗಿಯೇ ಆಗಿತ್ತು. ಆಕೆಯ ತಾಯಿ ಯಾರು ಅನ್ನುವ ಜಗಳ ಇನ್ನೂ ಜಾಸ್ತಿ ಕಾಲ ನಡೆಯಿತು. 2015ರಲ್ಲಿ ಹೊರಬಂದ ಮೈಟೊಕಾಂಡ್ರಿಯಾ ಡಿಎನ್‌ಎ ಫಲಿತಾಂಶ ಲೂಸಿ ಹ್ಯಾಂಕ್ಸ್ ಕಡೆಗೆ ಬೆರಳು ತೋರಿಸಿತು. ಆ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ, ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದೆ ಹೋಗುತ್ತದೆ. ಅದಕ್ಕೆ ಸರ್‌ನೇಮ್ ಬೇಕಿಲ್ಲ.

ಹಾಗಾಗಿ ನಿಮ್ಮ ಬೀಗಿತ್ತಿಯವರನ್ನೂ ಕೂರಿಸಿಕೊಂಡು ಕೇಳಿ. ಅವರ ತಾಯಿ, ಅಜ್ಜಿ ಹುಟ್ಟಿದ ಊರು, ಮದುವೆಯಾದ ಊರು, ಹೂಳಿದ ಜಾಗ. ಮನೆಯಲ್ಲಿ ಹಳೆಯ ಬೈಬಲ್ ಇದ್ದರೆ ಒಳಪುಟ ತೆಗೆದು ನೋಡಿ. ಹುಟ್ಟು, ಮದುವೆ, ಸಾವನ್ನು ಅದರಲ್ಲಿ ಬರೆದಿಡುವ ರೂಢಿ ಇತ್ತು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಜನಗಣತಿ, ಉಯಿಲು, ಜಮೀನು ಪತ್ರಗಳನ್ನು ದುಡ್ಡು ಕೊಡದೆ ನೋಡಬಹುದು. ಅಲ್ಲಿ 1850ರ ಗಣತಿಯಲ್ಲಿ ಅವರ ಕುಟುಂಬ ಸಿಕ್ಕಿದ ಮೇಲೆ ಕೌಂಟಿಯ ಹೆಸರು ಬರೆದು ತಿಳಿಸಿ. ಅದಕ್ಕಿಂತ ಹಿಂದೆ ಆ ನೆಲ ಯಾವ ಕೌಂಟಿಯಲ್ಲಿತ್ತು, ಕಾಗದ ಈಗ ಎಲ್ಲಿದೆ ಅಂತ ಅಲ್ಲಿಂದ ಮುಂದಕ್ಕೆ ನೋಡೋಣ.